ಆಷಾಢದಲ್ಲಿ ಮಾಡಿಸಿಕೊಂಡ ಕೈ ಆಪರೇಶನ್

ಕಿರುಬೆರಳಿಗೆ ಏನೂ ಆಗಿರಲಿಲ್ಲ. ಜೋಮು ಹಿಡಿಯುತ್ತಿದ್ದದ್ದು ಹೆಬ್ಬೆರಳು, ತೋರುಬೆರಳು, ನಡುಬೆರಳು, ಆಮೇಲೆ ಉಂಗುರದ ಬೆರಳಿನ ಅರ್ಧ. ಬಲಗೈಯಲ್ಲಿ ಜಾಸ್ತಿ, ಎಡಗೈಯಲ್ಲಿ ಸ್ವಲ್ಪ. "ಕಿರುಬೆರಳು ಹೇಗಿರ್ತದೆ, ಇವತ್ತು ರಾತ್ರಿ ಎಚ್ಚರ ಆದಾಗ ಮುಟ್ಟಿ ನೋಡ್ರಿ" ಅಂತ ಡಾಕ್ಟರು ಹೇಳಿ ಕಳಿಸಿದ್ದರು. ಮುಟ್ಟಿ ನೋಡಿದೆ. ಅದೊಂದು ಬೆರಳು ಪೂರ್ತಿ ಚೆನ್ನಾಗಿತ್ತು. ಕಾರ್ಪಲ್ ಟನಲ್, ಅಂದರೆ ಮಣಿಕಟ್ಟಿನಲ್ಲಿ ನರ ಒತ್ತಿಹೋಗುವ ತೊಂದರೆ, ಅನ್ನೋ ಹೆಸರನ್ನು ಆ ವಾರ ಮೊದಲ ಸಲ ಕೇಳಿದ್ದು.

ನಾನು ದಾವಣಗೆರೆಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಟೈಲರಿಂಗ್ ಮಾಡುತ್ತೇನೆ. ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ ಹಚ್ಚುತ್ತೇನೆ, ಕುಚ್ಚು ಕಟ್ಟುತ್ತೇನೆ. ಮದುವೆ ಸೀಸನ್ ಬಂದರೆ ಬೆಳಿಗ್ಗೆಯಿಂದ ರಾತ್ರಿವರೆಗೆ ಕತ್ತರಿ, ಸೂಜಿ, ಮಷೀನು. ಕುಚ್ಚು ಕಟ್ಟುವವರಿಗೆ ಗೊತ್ತು, ಸೆರಗಿನ ಎಳೆಗಳನ್ನು ಹಿಡಿ ಹಿಡಿಯಾಗಿ ಬೇರೆ ಮಾಡಿ, ರೇಷ್ಮೆ ದಾರ ಸುತ್ತಿ, ಮಣಿ ಪೋಣಿಸಿ, ಎಳೆದು ಬಿಗಿ ಮಾಡಬೇಕು. ಕಣ್ಣಿಗಿಂತ ಜಾಸ್ತಿ ಕೆಲಸ ಮಾಡೋದು ಹೆಬ್ಬೆರಳು, ತೋರುಬೆರಳಿನ ತುದಿ. ನನಗೆ ಆ ತುದಿಗಳೇ ಮಂಕಾಗುತ್ತಾ ಬಂದವು. ಮಣಿ ಕೈಯಲ್ಲಿ ಇದೆಯಾ ಇಲ್ಲವಾ ಅಂತ ನೋಡಿ ತಿಳಿಯಬೇಕಾಯಿತು. ಒಂದು ದಿನ ಹುಕ್ಕು ಹಚ್ಚುವಾಗ ಸೂಜಿ ಚುಚ್ಚಿತ್ತು. ಲೈನಿಂಗ್ ಬಟ್ಟೆಯ ಮೇಲೆ ರಕ್ತದ ಚುಕ್ಕೆ ಕಂಡ ಮೇಲೇ ಅದು ಗೊತ್ತಾಗಿದ್ದು. ತಣ್ಣೀರಿಗೆ ಕಲೆ ಹೋಯಿತು. ಆದರೆ ಚುಚ್ಚಿದರೂ ಗೊತ್ತಾಗದ ಬೆರಳನ್ನು ಇಟ್ಟುಕೊಂಡು ನಾನು ಎಷ್ಟು ದಿನ ದುಡಿಯಬಲ್ಲೆ ಅನ್ನೋ ಹೆದರಿಕೆ ಹೋಗಲಿಲ್ಲ.

ರಾತ್ರಿಗಳು ಇನ್ನೂ ಕಷ್ಟ. ನಡುರಾತ್ರಿ ಕೈ ಉರಿದು ಎಚ್ಚರವಾಗುತ್ತಿತ್ತು. ಎದ್ದು ಕೂತು ಕೈ ಕೊಡವಿ ಕೊಡವಿ, ಮಂಚದಿಂದ ಕೆಳಗೆ ಇಳಿಬಿಟ್ಟರೆ ಸ್ವಲ್ಪ ಹೊತ್ತಿಗೆ ಕಡಿಮೆಯಾಗುತ್ತಿತ್ತು. ಮತ್ತೆ ಮಲಗಿದರೆ ಮತ್ತೆ ಅದೇ. ಅತ್ತೆ ಬಿಸಿ ಮಾಡಿದ ಎಳ್ಳೆಣ್ಣೆ ಹಚ್ಚಿ ತಿಕ್ಕುತ್ತಿದ್ದರು. "ವಾತ ಅದು, ತಣ್ಣೀರಾಗ ಕೈ ಹಾಕಬ್ಯಾಡ" ಅನ್ನುತ್ತಿದ್ದರು. ಅವರು ತಿಕ್ಕುವಾಗ ಹಾಯೆನಿಸುತ್ತಿತ್ತು, ನಿಜ.

ಈ ಡಾಕ್ಟರ ಹತ್ತಿರ ಬರುವ ಮೊದಲು ಇನ್ನೊಂದು ಕಡೆ ತೋರಿಸಿದ್ದೆ. ಅಲ್ಲಿ ಕುತ್ತಿಗೆ ಎಕ್ಸ್‌ರೇ ತೆಗೆಸಿ, ಕುತ್ತಿಗೆ ಸವೆದಿದೆ ಅಂತ ಕಾಲರ್ ಕೊಟ್ಟರು, ನರಕ್ಕೆ ಬಿ12 ಮಾತ್ರೆ ಕೊಟ್ಟರು. ತಿಂಗಳುಗಟ್ಟಲೆ ಕಾಲರ್ ಹಾಕಿಕೊಂಡು ಮಷೀನಿನ ಮುಂದೆ ಕೂತೆ. ಕುತ್ತಿಗೆಯಲ್ಲಿ ನರ ಒತ್ತಿದರೂ ಕೈ ಜೋಮು ಹಿಡಿಯುತ್ತದೆ, ಹಾಗಾಗಿ ಕುತ್ತಿಗೆ ನೋಡಿದ್ದು ತಪ್ಪಲ್ಲ. ಆದರೆ ಅಲ್ಲಿ ಯಾರೂ ನನ್ನ ಅಂಗೈ ತಿರುಗಿಸಿ ನೋಡಲಿಲ್ಲ. ನಲವತ್ತು ದಾಟಿದ ಮೇಲೆ ಎಕ್ಸ್‌ರೇ ತೆಗೆದರೆ ಎಷ್ಟೋ ಜನರ ಕುತ್ತಿಗೆ ಸವೆದಂತೆಯೇ ಕಾಣುತ್ತದಂತೆ, ನೋವು ಇಲ್ಲದವರದ್ದೂ ಕೂಡ. ಇದು ನನಗೆ ಬೇಜಾರಿನ ವಿಷಯ, ಯಾಕಂದರೆ ನರಕ್ಕೆ ಆ ತಿಂಗಳುಗಳೂ ಲೆಕ್ಕವೇ.

ಕೈ ನೋಡುವ ಡಾಕ್ಟರು ಮಾಡಿದ ಪರೀಕ್ಷೆಗಳು ಸರಳ. ಎರಡೂ ಕೈಯ ಹಿಂಭಾಗ ಒಂದಕ್ಕೊಂದು ತಾಗಿಸಿ, ಬೆರಳು ಕೆಳಮುಖ ಮಾಡಿ, ಮಣಿಕಟ್ಟು ಮಡಿಚಿ ಒಂದು ನಿಮಿಷ ಹಿಡಿಯಿರಿ ಅಂದರು. ನಿಮಿಷ ಮುಗಿಯುವ ಮೊದಲೇ ನಡುಬೆರಳು ಜುಮ್ಮೆಂದಿತು. ಮಣಿಕಟ್ಟಿನ ಮೇಲೆ ಬೆರಳಿಂದ ಟಕ್ ಟಕ್ ಬಡಿದರು, ಕರೆಂಟ್ ಹೊಡೆದಂತೆ ತೋರುಬೆರಳಿಗೆ ಹೋಯಿತು. ಆಮೇಲೆ ಅಂಗೈ ಮೇಲೆ ಮಾಡಿಸಿ, ಹೆಬ್ಬೆರಳನ್ನು ಸೀದಾ ಮೇಲಕ್ಕೆ ಎತ್ತಿಸಿ, ಅವರ ಬೆರಳಿಂದ ಕೆಳಗೆ ಒತ್ತಿದರು. ಎಡಗೈ ತಡೆಯಿತು. ಬಲಗೈ ಬಿದ್ದುಹೋಯಿತು. ಎರಡೂ ಅಂಗೈ ಅಕ್ಕಪಕ್ಕ ಇಟ್ಟು ತೋರಿಸಿದರು. ಬಲಗೈ ಹೆಬ್ಬೆರಳ ಬುಡದ ಉಬ್ಬು ಸ್ವಲ್ಪ ತಗ್ಗಿತ್ತು. ದಿನಾ ನೋಡುವ ಕೈ, ಅಲ್ವಾ? ಅದು ಕರಗುತ್ತಿದೆ ಅಂತ ಯಾರಾದರೂ ತೋರಿಸಿದರೇ ಕಾಣೋದು.

ಒಂದು ಹಾಳೆ ತೆಗೆದು ಚಿತ್ರ ಬರೆದು ಹೇಳಿದರು. ಮಣಿಕಟ್ಟಿನ ಹತ್ತಿರ, ಅಂಗೈ ಶುರುವಾಗುವಲ್ಲಿ, ಇಕ್ಕಟ್ಟಾದ ಒಂದು ದಾರಿ ಇದೆ. ಕೆಳಗೂ ಅಕ್ಕಪಕ್ಕದಲ್ಲೂ ಸಣ್ಣ ಸಣ್ಣ ಮೂಳೆಗಳು, ಮೇಲೆ ಗಟ್ಟಿಯಾದ ಅಡ್ಡಪಟ್ಟಿ, ಅದೇ ಲಿಗಮೆಂಟ್. ಬೆರಳು ಮಡಿಸುವ ಒಂಬತ್ತು ಟೆಂಡನ್‌ಗಳು (ಮಾಂಸವನ್ನು ಮೂಳೆಗೆ ಕಟ್ಟುವ ಹಗ್ಗದಂಥವು) ಮತ್ತು ಮೀಡಿಯನ್ ಅನ್ನುವ ಒಂದು ನರ, ಇಷ್ಟೂ ಆ ದಾರಿಯಲ್ಲೇ ಹೋಗಬೇಕು. ಟೆಂಡನ್ ಸುತ್ತಲಿನ ಪೊರೆ ದಪ್ಪಗಾದರೆ ಜಾಗ ಸಾಲೋದಿಲ್ಲ. ಮೂಳೆ ಜಗ್ಗೋದಿಲ್ಲ, ಪಟ್ಟಿ ಜಗ್ಗೋದಿಲ್ಲ, ಟೆಂಡನ್ನೂ ಗಟ್ಟಿ. ಒತ್ತಿಹೋಗೋದು ನರ. ಕಿರುಬೆರಳಿನ ನರ ಬೇರೆ, ಅದು ಈ ದಾರಿಯ ಹೊರಗಿಂದ ಹೋಗುತ್ತದೆ. ರಾತ್ರಿ ನಾವು ಮಣಿಕಟ್ಟು ಮಡಿಚಿಕೊಂಡು ಮಲಗುತ್ತೇವೆ, ಆಗ ಒಳಗಿನ ಒತ್ತಡ ಏರುತ್ತದೆ, ಅದಕ್ಕೇ ರಾತ್ರಿ ಹೆಚ್ಚು.

ಹೊಲಿಗೆ ಕೆಲಸದಿಂದಲೇ ಬಂತಾ ಅಂತ ಕೇಳಿದೆ. ಜೋರಾಗಿ ಹಿಡಿದು ಮತ್ತೆ ಮತ್ತೆ ಮಾಡುವ ಕೆಲಸ ಇದನ್ನು ಹೆಚ್ಚಿಸುತ್ತದೆ, ಆದರೆ ಅದೊಂದೇ ಅಲ್ಲ ಅಂದರು. ಗಂಡಸರಿಗಿಂತ ಹೆಂಗಸರಲ್ಲಿ ಇದು ಜಾಸ್ತಿ. ಥೈರಾಯ್ಡ್ ಕಡಿಮೆ ಇದ್ದವರಿಗೆ, ಸಕ್ಕರೆ ಕಾಯಿಲೆ ಇದ್ದವರಿಗೆ, ಸಂಧಿವಾತ ಇದ್ದವರಿಗೆ, ಬಸುರಿಯರಿಗೆ ಬರುತ್ತದೆ. ನನಗೆ ಥೈರಾಯ್ಡ್ ಇದೆ. ರಕ್ತ ಪರೀಕ್ಷೆ ಮಾಡಿಸಿದರೆ ಟಿಎಸ್‌ಎಚ್ ಏರಿತ್ತು, ಅಂದರೆ ಥೈರಾಯ್ಡ್ ಸಾಲುತ್ತಿರಲಿಲ್ಲ, ಮಾತ್ರೆಯ ಪ್ರಮಾಣ ಹೆಚ್ಚಿಸಿದರು. ಕೈ ಜೋಮು ಅಂತ ಹೋದವರಿಗೆ ಸಕ್ಕರೆ, ಥೈರಾಯ್ಡ್ ನೋಡದೆ ಬರೀ ನರದ ಮಾತ್ರೆ ಕೊಟ್ಟು ಕಳಿಸಿದರೆ ದಯವಿಟ್ಟು ನೀವೇ ಕೇಳಿ.

ನರದ ಪರೀಕ್ಷೆ ಬಗ್ಗೆ ಎರಡು ಮಾತು. ಎನ್‌ಸಿಎಸ್ ಅಂತಾರೆ. ಬೆರಳಿಗೆ ತಂತಿಯ ಉಂಗುರ ಹಾಕಿ, ಮಣಿಕಟ್ಟಿಗೆ ಸಣ್ಣ ಸಣ್ಣ ಶಾಕ್ ಕೊಟ್ಟು, ನರದಲ್ಲಿ ಕರೆಂಟ್ ಎಷ್ಟು ಬೇಗ ಹೋಗುತ್ತದೆ ಅಂತ ಅಳೆಯುತ್ತಾರೆ. ಕೈ ತಣ್ಣಗಿದ್ದರೆ ನರ ಆರೋಗ್ಯವಾಗಿದ್ದರೂ ನಿಧಾನವಾಗಿ ಕಾಣುತ್ತದೆ. ಅದಕ್ಕೆ ಮೊದಲು ಬೆಚ್ಚಗಿನ ನೀರಲ್ಲಿ ಕೈ ಇಡಿಸಿದರು. ನೋವು ಅನ್ನೋದಕ್ಕಿಂತ ಕಿರಿಕಿರಿ. ಬಲಗೈ ಮಧ್ಯಮ, ಎಡಗೈ ಶುರುವಿನ ಹಂತ ಅಂತ ರಿಪೋರ್ಟ್ ಬಂತು.

ಮೊದಲಿಗೆ ಆಪರೇಶನ್ ಮಾತೇ ಇರಲಿಲ್ಲ. ರಾತ್ರಿ ಹಾಕಿಕೊಳ್ಳೋಕೆ ಸ್ಪ್ಲಿಂಟ್ ಕೊಟ್ಟರು. ಮಣಿಕಟ್ಟನ್ನು ನೇರ ಇಡುವಂಥದ್ದು, ಹಿಂದಕ್ಕೂ ಬಾಗಬಾರದು ಮುಂದಕ್ಕೂ ಬಾಗಬಾರದು. ಸಂಕ್ರಾಂತಿಯಿಂದ ದಿನಾ ಕಟ್ಟಿಕೊಂಡು ಮಲಗಿದೆ. ನಿದ್ದೆ ಬಂತು, ಅದೇ ದೊಡ್ಡ ಉಪಕಾರ. ಆದರೆ ಹಗಲಿನ ಮಂಕು ಹೋಗಲಿಲ್ಲ. ಚಹಾದ ಲೋಟ ಜಾರುತ್ತಿತ್ತು, ಕುಕ್ಕರ್ ಮುಚ್ಚಳ ತಿರುಗಿಸಲು ಮಗಳನ್ನು ಕರೆಯಬೇಕಿತ್ತು. ಯುಗಾದಿಗೆ ಮೊದಲು ಮಣಿಕಟ್ಟಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿದರು. ಹಾಕಿದ ಮೊದಲೆರಡು ದಿನ ನೋವು, ಆಮೇಲೆ ಎಂಥ ಆರಾಮ! ಇಡೀ ಮದುವೆ ಸೀಸನ್ ಅದರ ಮೇಲೆ ಕಳೆದೆ. ಕೆಲವರಿಗೆ ಇಷ್ಟರಲ್ಲೇ ವಾಸಿಯಾಗುತ್ತದೆ, ಕೆಲವರಿಗೆ ಕೆಲವೇ ತಿಂಗಳು ಅಂತ ಡಾಕ್ಟರು ಮೊದಲೇ ಹೇಳಿದ್ದರು. ನನಗೆ ಜ್ಯೇಷ್ಠದ ಹೊತ್ತಿಗೆ ಎಲ್ಲಾ ತಿರುಗಿ ಬಂತು. ಮತ್ತೊಮ್ಮೆ ನರದ ಪರೀಕ್ಷೆ ಮಾಡಿಸಿದಾಗ ಬಲಗೈ ಇನ್ನೂ ಕೆಳಗಿಳಿದಿತ್ತು.

ಆಗ ಡಾಕ್ಟರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ರಾತ್ರಿ ನೋವು ಬೇಗ ಹೋಗ್ತದ್ರಿ, ಅದು ನಾನು ಧೈರ್ಯವಾಗಿ ಹೇಳಬಲ್ಲೆ. ಜೋಮು ಹೋಗೋಕೆ ತಿಂಗಳುಗಳು ಬೇಕು. ಹೆಬ್ಬೆರಳ ಬುಡದ ಮಾಂಸ ಎಷ್ಟು ತುಂಬ್ತದೋ ಅದಕ್ಕೆ ಮಾತು ಕೊಡೋಕಾಗಲ್ಲ. ತಡ ಮಾಡಿದಷ್ಟು ಅದು ಕಷ್ಟ." ಈ ಮೂರನ್ನೂ ಬೇರೆ ಬೇರೆ ಮಾಡಿ ಹೇಳಿದ್ದು ನನಗೆ ತುಂಬಾ ಸಹಾಯವಾಯಿತು. ನೋವು ಬೇರೆ, ಸ್ಪರ್ಶ ಬೇರೆ, ಶಕ್ತಿ ಬೇರೆ. ಮೂರೂ ಒಂದೇ ದಿನ ವಾಪಸ್ ಬರಲ್ಲ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. "ನರದ ಹತ್ತಿರ ಚಾಕು ಹಾಕಿದರೆ ಕೈಯೇ ಹೋದರೆ?" ಅಂತ ನಮ್ಮಕ್ಕ ಫೋನಿನಲ್ಲಿ ಅತ್ತಳು. ಮನೆಯವರು "ನಿನ್ನ ಕೈ, ನೀನು ಹೇಳಿದ ಹಾಗೆ" ಅಂದರು. ಅದು ಒಳ್ಳೆಯ ಮಾತೇ, ಆದರೆ ತೂಕ ಪೂರ್ತಿ ನನ್ನ ಮೇಲೆ ಬಿತ್ತು. ಮಗಳು ಫಿಸಿಯೋಥೆರಪಿ ಓದುತ್ತಿದ್ದಾಳೆ. ಅವಳು 2002ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಮಾಡಿದ ಒಂದು ಅಧ್ಯಯನ ತೋರಿಸಿದಳು. ಅರ್ಧ ಜನರಿಗೆ ಆಪರೇಶನ್, ಅರ್ಧ ಜನರಿಗೆ ಸ್ಪ್ಲಿಂಟ್. ಒಂದೂವರೆ ವರ್ಷದ ನಂತರ ನೋಡಿದರೆ ಆಪರೇಶನ್ ಕಡೆ ನೂರಕ್ಕೆ 90 ಜನರಿಗೆ ಗುಣ ಕಂಡಿತ್ತು, ಸ್ಪ್ಲಿಂಟ್ ಕಡೆ 75. "ಅಮ್ಮಾ, ಸ್ಪ್ಲಿಂಟೂ ಕಡಿಮೆಯೇನಲ್ಲ. ಆದ್ರೆ ನಿಂದು ಸ್ಪ್ಲಿಂಟ್ ಹಂತ ದಾಟಿದೆ" ಅಂದಳು. ಆ ಮಾತಿಗೆ ನಾನು ಗಟ್ಟಿಯಾದೆ.

ಅಪಾಯಗಳನ್ನೂ ಕೇಳಿ ತಿಳಿದುಕೊಂಡೆ. ಸೋಂಕು ಆಗಬಹುದು, ಗಾಯದ ಗುರುತು ನೋಯಬಹುದು, ಕೈ ಬಿಗಿಯಾಗಬಹುದು, ನರಕ್ಕೆ ಪೆಟ್ಟಾಗೋದು ಅಪರೂಪ ಆದರೆ ಇಲ್ಲವೇ ಇಲ್ಲ ಅಂತಲ್ಲ. ಸಣ್ಣ ತೂತಿನಿಂದ ಕ್ಯಾಮೆರಾ ಹಾಕಿ ಮಾಡುವ ವಿಧಾನದ ಬಗ್ಗೆಯೂ ಕೇಳಿದೆ. ಅದರಲ್ಲಿ ಕೆಲಸಕ್ಕೆ ಸ್ವಲ್ಪ ಬೇಗ ಮರಳಬಹುದು, ವರ್ಷದ ಕೊನೆಗೆ ಎರಡರ ಫಲವೂ ಹೆಚ್ಚುಕಡಿಮೆ ಒಂದೇ ಅಂದರು. ಇವರ ಕೈ ಪಳಗಿದ್ದು ಅಂಗೈ ತೆರೆದು ಮಾಡುವುದರಲ್ಲಿ. ನಾನೂ ಕೈಕೆಲಸದವಳು, ಪಳಗಿದ ಕೈಗೆ ಬೆಲೆ ಕೊಟ್ಟೆ.

ಯಾವಾಗ ಅನ್ನೋದು ನಮ್ಮ ಕೆಲಸದವರಿಗೆ ದೊಡ್ಡ ಪ್ರಶ್ನೆ. ಇಂಜೆಕ್ಷನ್ ಆಗಿ ಮೂರು ತಿಂಗಳಾದರೂ ಕಳೆಯಲಿ, ಇಲ್ಲವಾದರೆ ಸೋಂಕಿನ ಭಯ ಅಂದಿದ್ದರು. ಲೆಕ್ಕ ಹಾಕಿದರೆ ಆಷಾಢ ಬಂತು. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಆರ್ಡರ್ ಕಡಿಮೆ. ಅತ್ತೆಗೆ ಆಷಾಢದಲ್ಲಿ ಬೇಡ ಅಂತ ಮನಸ್ಸು. "ಶ್ರಾವಣದಾಗ ಮಾಡಿಸು" ಅಂದರು. ಶ್ರಾವಣದಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ಬ್ಲೌಸ್ ಕೇಳಿಕೊಂಡು ಬರುವವರ ಸಾಲು ನೆನಪಿಸಿದೆ. ಸುಮ್ಮನಾದರು. ಬಳೆ ತೆಗೆಯುವಾಗ ಮಾತ್ರ ಅವರಿಗೆ ಸಂಕಟವಾಯಿತು. ಆಪರೇಶನ್ ಮಾಡುವ ಕೈಯಲ್ಲಿ ಬಳೆ, ಉಂಗುರ ಏನೂ ಇರಬಾರದು. ಹಿಂದಿನ ರಾತ್ರಿ ಸೋಪು ಹಚ್ಚಿ ಒಂದೊಂದೇ ಬಳೆ ಜಾರಿಸಿ, ಅಷ್ಟನ್ನೂ ನನ್ನ ಎಡಗೈಗೆ ತೊಡಿಸಿದರು. ತೊಡಿಸಿ ಕೈ ಹಿಡಿದುಕೊಂಡು ಕೂತರು.

ಆ ದಿನ ಉಪವಾಸವೂ ಇರಲಿಲ್ಲ, ತಿಂಡಿ ತಿಂದೇ ಹೋದೆ. ಪೂರ್ತಿ ಪ್ರಜ್ಞೆ ತಪ್ಪಿಸೋದಿಲ್ಲ. ಮಣಿಕಟ್ಟಿಗೆ, ಅಂಗೈಗೆ ಮರಗಟ್ಟಿಸುವ ಇಂಜೆಕ್ಷನ್ ಅಷ್ಟೇ. ಮೊದಲ ಚುಚ್ಚು ಉರಿಯಿತು, ಆಮೇಲೆ ಬರೀ ಬಿಗಿತ. ಆ ಔಷಧದಲ್ಲಿ ಅಡ್ರಿನಲಿನ್ ಸೇರಿಸಿರುತ್ತಾರೆ, ರಕ್ತನಾಳ ಮುದುಡಿ ರಕ್ತ ಬರೋದು ಕಡಿಮೆಯಾಗುತ್ತದೆ. ಅದಕ್ಕೇ ಅರ್ಧ ಗಂಟೆ ಹೊರಗೆ ಕೂರಿಸಿದರು. ಕೂತಲ್ಲೇ ನೋಡುತ್ತಿದ್ದೆ, ಅಂಗೈ ಬೆಳ್ಳಗಾಗುತ್ತಾ ಬಂತು. ಹಿಂದೆ ತೋಳಿಗೆ ಪಟ್ಟಿ ಬಿಗಿದು ರಕ್ತ ನಿಲ್ಲಿಸುತ್ತಿದ್ದರಂತೆ, ಆ ಪಟ್ಟಿಯ ನೋವೇ ಜನರಿಗೆ ತಡೆಯೋಕಾಗುತ್ತಿರಲಿಲ್ಲ. ಪಟ್ಟಿಯಿಲ್ಲದ ಈ ಕ್ರಮವನ್ನು ಹೆಚ್ಚು ಹರಡಿದವರು ಕೆನಡಾದ ಡೊನಾಲ್ಡ್ ಲಲೋಂಡ್ ಅನ್ನುವ ಕೈ ಸರ್ಜನ್ ಅಂತ ನಮ್ಮ ಡಾಕ್ಟರು ಹೇಳಿದರು. ಎಲ್ಲೋ ದೂರದ ದೇಶದವರಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಒಳಗೆ ಹಸಿರು ಬಟ್ಟೆಯ ಅಡ್ಡ ಕಟ್ಟಿದ್ದರು, ಕೈ ಕಾಣುತ್ತಿರಲಿಲ್ಲ. ನೋವು ಇಲ್ಲ, ಮುಟ್ಟಿದ್ದು ಎಳೆದದ್ದು ಗೊತ್ತಾಗುತ್ತದೆ. ಅಂಗೈಯ ಗೆರೆಯ ಪಕ್ಕದಲ್ಲಿ ಒಂದಿಂಚು ಗೀರು. ನಡುವೆ ಒಂದು ಶಬ್ದ ಕೇಳಿಸಿತು. ಶರ್ಟಿನ ಕಾಲರ್‌ಗೆ ಹಾಕುವ ದಪ್ಪ ಕ್ಯಾನ್ವಾಸಿಗೆ ಕತ್ತರಿ ಹಾಕಿದರೆ ಕರಕರ ಅನ್ನುತ್ತಲ್ಲ, ಅದೇ ಶಬ್ದ. "ಇದೇನು ಡಾಕ್ಟ್ರೇ?" ಅಂದೆ. "ಅದೇರಿ ಆ ಅಡ್ಡಪಟ್ಟಿ, ಲಿಗಮೆಂಟು. ಈಗ ನಿಮ್ಮ ನರಕ್ಕೆ ಜಾಗ ಆಯ್ತು" ಅಂದರು. ಪಟ್ಟಿಯನ್ನು ಮತ್ತೆ ಜೋಡಿಸಿ ಹೊಲಿಯೋದಿಲ್ಲ. ಅದು ತಾನೇ ಸಡಿಲವಾಗಿ ಕೂಡಿಕೊಳ್ಳುತ್ತದೆ, ದಾರಿ ಅಗಲವಾಗಿ ಉಳಿಯುತ್ತದೆ. ಬೆರಳು ಮಡಿಸಿ, ಬಿಡಿಸಿ ಅಂದರು, ಮಾಡಿದೆ. ಮೇಲಿನ ಚರ್ಮಕ್ಕೆ ಹೊಲಿಗೆ ಹಾಕಿ ದಪ್ಪ ಬ್ಯಾಂಡೇಜ್ ಸುತ್ತಿದರು. ಊಟದ ಹೊತ್ತಿಗೆ ಮನೆಯಲ್ಲಿದ್ದೆ.

ಎಲ್ಲರೂ ಹತ್ತು ನಿಮಿಷದ ಆಪರೇಶನ್ ಅನ್ನುತ್ತಾರೆ. ಆ ಹತ್ತು ಹದಿನೈದು ನಿಮಿಷದ ಮಾತು ನಿಜವೇ. ಆಮೇಲಿನ ತಿಂಗಳುಗಳ ಬಗ್ಗೆ ಹೇಳುವವರು ಕಡಿಮೆ. ನಾನು ಇದನ್ನು ಬರೆಯುತ್ತಿರುವುದೇ ಅದಕ್ಕೆ.

ಮೊದಲ ಕೆಲವು ದಿನ ಕೈಯನ್ನು ಎದೆಗಿಂತ ಮೇಲೆ ಇಡಬೇಕು. ಎರಡು ದಿಂಬು ಪೇರಿಸಿ ಅದರ ಮೇಲೆ ಕೈ ಇಟ್ಟು ಮಲಗುತ್ತಿದ್ದೆ. ಗಾಯ ನೋಯುತ್ತಿತ್ತು, ಪ್ಯಾರಾಸಿಟಮಾಲ್ ಸಾಕಾಯಿತು. ಆದರೆ ನಡುರಾತ್ರಿಯ ಆ ಉರಿ ಬರಲಿಲ್ಲ. ಮಾರನೆಯ ರಾತ್ರಿಯೂ ಬರಲಿಲ್ಲ. ಬೆಳಿಗ್ಗೆ ಎದ್ದು ಅತ್ತೆಗೆ ಹೇಳಿದೆ, ಇಬ್ಬರೂ ಅತ್ತೆವು. ಒಂದು ವರ್ಷದಿಂದ ಅವರೂ ನನ್ನ ಜೊತೆ ಎದ್ದು ಕೂತವರೇ.

ಬೆರಳುಗಳನ್ನು ಮೊದಲ ದಿನದಿಂದಲೇ ಆಡಿಸಬೇಕು. ಇದನ್ನು ಬಿಟ್ಟರೆ ಟೆಂಡನ್ ಅಂಟಿಕೊಂಡು ಕೈ ಬಿಗಿಯಾಗುತ್ತದೆ ಅಂತ ಮಗಳು ಬೆನ್ನು ಬಿಡಲಿಲ್ಲ. ಬೆರಳು ನೇರ, ಆಮೇಲೆ ಕೊಕ್ಕೆಯಂತೆ ಮಡಿಚೋದು, ಆಮೇಲೆ ಮುಷ್ಟಿ, ಮತ್ತೆ ನೇರ. ಎಚ್ಚರವಿದ್ದಷ್ಟು ಹೊತ್ತು ಗಂಟೆಗೊಂದು ಸಲ. ಭಾರ ಎತ್ತುವಂತಿಲ್ಲ, ನೀರು ತಾಗಿಸುವಂತಿಲ್ಲ. ಸ್ನಾನಕ್ಕೆ ಪ್ಲಾಸ್ಟಿಕ್ ಕವರ್ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿಕೊಳ್ಳೋದು. ಜಡೆ ಹಾಕೋದು, ಸೀರೆಯ ನೆರಿಗೆ ಹಿಡಿಯೋದು, ಬ್ಲೌಸ್ ಹುಕ್ಕು, ಎಲ್ಲಾ ಇನ್ನೊಬ್ಬರ ಕೈಯಿಂದ. ನೈಟಿಯಲ್ಲೇ ದಿನ ಕಳೆದೆ. ಊಟ ಎಡಗೈಯಲ್ಲಿ ಚಮಚ ಹಿಡಿದು. ಎಷ್ಟು ಹಸಿವಾಗಿದ್ದರೂ ಎಡಗೈ ಊಟ ಮನಸ್ಸಿಗೆ ಹಿಡಿಸದು, ಕೆಲವು ಹೊತ್ತು ಅತ್ತೆಯೇ ಕಲಸಿ ತುತ್ತು ಕೊಟ್ಟರು. ಬಲಗೈ ಆಪರೇಶನ್ ಮಾಡಿಸುವವರು ಇವನ್ನೆಲ್ಲ ಮೊದಲೇ ಯೋಚಿಸಿಟ್ಟುಕೊಳ್ಳಿ. ಮನೆಯಲ್ಲಿ ಒಬ್ಬರಾದರೂ ಇರಬೇಕು.

ಭೀಮನ ಅಮಾವಾಸ್ಯೆಯ ಹೊತ್ತಿಗೆ ಹೊಲಿಗೆ ಬಿಚ್ಚಿದರು. ಬಿಚ್ಚುವ ಮೊದಲು ಸ್ವಲ್ಪ ತಡೆಯಿರಿ ಅಂತ ಹೇಳಿ ಬಗ್ಗಿ ನೋಡಿದೆ. ಕಪ್ಪು ನೈಲಾನ್ ದಾರ, ಒಂದೊಂದು ಟಾಕೆಯೂ ಬಿಡಿಬಿಡಿ, ಪ್ರತಿಯೊಂದಕ್ಕೂ ಬೇರೆ ಗಂಟು. ಗಂಟುಗಳೆಲ್ಲ ಗಾಯದ ಒಂದೇ ಬದಿಗೆ ಸಾಲಾಗಿ ಕೂತಿದ್ದವು. ಚರ್ಮದ ಎರಡು ಅಂಚೂ ಒಳಗೆ ಮಡಚದೆ ಸ್ವಲ್ಪ ಮೇಲಕ್ಕೆ ಎದ್ದು ಒಂದಕ್ಕೊಂದು ಮುಟ್ಟಿದ್ದವು. ಹಾಗೆ ಮಾಡಿದರೇ ಚೆನ್ನಾಗಿ ಕೂಡುತ್ತದಂತೆ. ನರ್ಸ್ ಗಂಟನ್ನು ಚಿಮಟದಲ್ಲಿ ಎತ್ತಿ, ಕೆಳಗಿನ ಎಳೆ ಕತ್ತರಿಸಿ, ಎಳೆದರು. ಅಂಗೈ ಚರ್ಮ ಒಣಗಿ ಪದರ ಪದರವಾಗಿ ಏಳುತ್ತಿತ್ತು. ಅಷ್ಟೇ, ಇನ್ನೇನು ವಾಸಿಯಾಯಿತು ಅಂತ ಮನೆಯವರೆಲ್ಲ ಅಂದುಕೊಂಡರು.

ಪಂಚಮಿ ಬಂತು. ನಮ್ಮಲ್ಲಿ ಪಂಚಮಿಗೆ ಶೇಂಗಾ ಉಂಡಿ, ಎಳ್ಳುಂಡಿ, ಹಲವು ಬಗೆ ಆಗಲೇಬೇಕು. ಪಾಕ ಬಿಸಿಯಿರುವಾಗಲೇ ಅಂಗೈಯಲ್ಲಿ ಒತ್ತಿ ಕಟ್ಟಬೇಕು. ನಾನು ದೂರ ಕೂತು ಡಬ್ಬಿಗೆ ತುಂಬಿದೆ. ವರಮಹಾಲಕ್ಷ್ಮಿಗೆ ಗಿರಾಕಿಗಳು ಬಂದರು. ಮೊದಲೇ ಹೇಳಿದ್ದೆ, ಆದರೂ ಬಂದರು. ಹೆಮ್ಮಿಂಗ್, ಹುಕ್ಕು ಹಚ್ಚಲು ಒಬ್ಬ ಹುಡುಗಿಯನ್ನು ಇಟ್ಟುಕೊಂಡಿದ್ದೆ. ಮಷೀನಿಗೆ ಮೋಟರ್ ಹಾಕಿಸಿದ್ದರಿಂದ ಸೀದಾ ಹೊಲಿಗೆ ಸ್ವಲ್ಪ ಸ್ವಲ್ಪ ಮಾಡಬಲ್ಲೆ. ಕತ್ತರಿ ಮಾತ್ರ ಹಿಡಿಯಲಾಗಲಿಲ್ಲ. ನಮ್ಮ ಕಬ್ಬಿಣದ ಕತ್ತರಿಯ ಭಾರ ಹೆಬ್ಬೆರಳ ಬುಡದ ಮೇಲೇ ಬೀಳುತ್ತದೆ, ಒಂದು ತೋಳು ಕತ್ತರಿಸುವಷ್ಟರಲ್ಲಿ ಕಣ್ಣಲ್ಲಿ ನೀರು. ಕಟಿಂಗ್ ಎಲ್ಲಾ ಪಕ್ಕದ ಬೀದಿಯ ಟೈಲರ್ ಅಣ್ಣನಿಗೆ ಕೊಟ್ಟೆ. ಆ ಶ್ರಾವಣದ ದುಡಿಮೆಯಲ್ಲಿ ನನಗೆ ಉಳಿದದ್ದು ಕಡಿಮೆ.

ಗಣಪತಿ ಹಬ್ಬದ ಹೊತ್ತಿಗೆ ನಿಜವಾಗಿ ಹೆದರಿದೆ. ಗಾಯದ ಗೆರೆ ಮೊದಲಿಗಿಂತ ಗಟ್ಟಿಯಾಗಿ ಉಬ್ಬಿತ್ತು. ಗೆರೆಯ ಎರಡೂ ಪಕ್ಕ, ಅಂಗೈಯ ಹಿಮ್ಮಡಿಯಂಥ ಭಾಗ, ಒತ್ತಿದರೆ ಜೀವ ಹೋದಂತೆ. ಒಂದು ರೊಟ್ಟಿ ತಟ್ಟೋಣ ಅಂತ ಹಿಟ್ಟಿನ ಮೇಲೆ ಕೈ ಇಟ್ಟೆ, ಆಗಲಿಲ್ಲ. ನೆಲದಿಂದ ಏಳುವಾಗ ಕೈ ಊರಲಾಗದು. ಕೈಯ ಹಿಡಿತ ಆಪರೇಶನ್‌ಗೆ ಮುಂಚೆ ಇದ್ದಷ್ಟೂ ಇಲ್ಲ. ಆಪರೇಶನ್ ಕೆಟ್ಟಿತು ಅಂತಲೇ ಅಂದುಕೊಂಡು ಡಾಕ್ಟರ ಬಳಿ ಓಡಿದೆ.

ಅವರು ಕೈ ಒತ್ತಿ ನೋಡಿ, ಇದು ಪಿಲ್ಲರ್ ನೋವು ಅಂದರು. ಹೆಬ್ಬೆರಳ ಕಡೆಯ ಮಾಂಸ, ಕಿರುಬೆರಳ ಕಡೆಯ ಮಾಂಸ, ಎರಡಕ್ಕೂ ಆ ಪಟ್ಟಿಯೇ ಆಧಾರ. ಆಧಾರವನ್ನು ಕತ್ತರಿಸಿದ್ದೇವೆ, ಅವು ಹೊಸದಾಗಿ ನೆಲೆ ಕಂಡುಕೊಳ್ಳಬೇಕು. ಬಹಳ ಜನರಿಗೆ ಮೂರು ತಿಂಗಳಲ್ಲಿ ತಗ್ಗುತ್ತದೆ, ಕೆಲವರಿಗೆ ಆರು ತಿಂಗಳು. ಹಿಡಿತ ಮೊದಲು ಬೀಳುತ್ತದೆ, ಆಮೇಲೆ ಏಳುತ್ತದೆ. ಗಾಯದ ಗೆರೆ ಈ ವಾರಗಳಲ್ಲೇ ಅತಿ ಗಟ್ಟಿ, ಆಮೇಲೆ ಮೆದುವಾಗುತ್ತದೆ. ಬೆರಳ ತುದಿಯಲ್ಲಿ ಆಗಾಗ ಮಿಂಚು ಹೊಡೆದಂತೆ ಆಗುತ್ತಿತ್ತು, ಅದನ್ನೂ ಹೇಳಿದೆ. ಅದು ನರ ಚಿಗುರುತ್ತಿರುವ ಗುರುತು, ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ ಅಂದರು. ಮಣಿಕಟ್ಟಿನಿಂದ ಬೆರಳ ತುದಿಗೆ ಎಷ್ಟು ಉದ್ದ ಅಂತ ಮನೆಗೆ ಬಂದು ಟೇಪು ಹಿಡಿದು ಅಳೆದೆ. ಆರೂವರೆ ಇಂಚು ದಾಟಿತು. ಆರು ತಿಂಗಳ ದಾರಿ. ಅಳೆದ ಮೇಲೆ ನನಗೆ ಸಮಾಧಾನವಾಯಿತು, ಯಾಕಂದರೆ ಎಷ್ಟು ಕಾಯಬೇಕು ಅಂತ ಗೊತ್ತಾಯಿತು.

ಆಮೇಲೆ ಕೈಯನ್ನು ದಿನಾ ದುಡಿಸಿದೆ. ಕೊಬ್ಬರಿ ಎಣ್ಣೆ ಹಚ್ಚಿ ಗೆರೆಯ ಮೇಲೆ ಹೆಬ್ಬೆರಳಿಂದ ಒತ್ತಿ, ಚರ್ಮ ಬೆಳ್ಳಗಾಗುವಷ್ಟು ಒತ್ತಿ, ಸುತ್ತಲೂ ಅಡ್ಡಡ್ಡವೂ ತಿಕ್ಕೋದು. ಬೆಚ್ಚಗಿನ ನೀರಲ್ಲಿ ಸ್ಪಂಜು ಹಿಂಡೋದು. ಗೆರೆಯ ಮೇಲೆ ಸೀರೆಯ ಸೆರಗು ತಾಗಿದರೂ ಮೈ ಜುಮ್ಮೆನ್ನುತ್ತಿತ್ತು. ಅದಕ್ಕೆ ಬೇರೆ ಬೇರೆ ಬಟ್ಟೆಯಿಂದ ಉಜ್ಜಿ ಚರ್ಮವನ್ನು ರೂಢಿ ಮಾಡಬೇಕು ಅಂತ ಮಗಳು ಹೇಳಿದಳು. ಬಟ್ಟೆ ಚೂರಿಗೆ ನಮ್ಮಲ್ಲಿ ಬರವೇ? ಚೂರುಗಳ ಚೀಲ ಸುರಿದುಕೊಂಡು ಕೂತೆ. ಮೊದಲು ಹಳೆಯ ಮಲ್‌ಮಲ್, ಆಮೇಲೆ ಪಾಪ್ಲಿನ್, ಆಮೇಲೆ ಖಾದಿ, ಕೊನೆಗೆ ಜರಿ ಅಂಚಿನ ಹಿಂಬದಿ, ಅಲ್ಲಿ ಎಳೆಗಳು ಒರಟಾಗಿ ಚುಚ್ಚುತ್ತವೆ. ಜರಿ ಹಿಂಬದಿ ತಡೆದುಕೊಂಡ ದಿನ ಮಗಳಿಗೆ ಕಾಲೇಜಿಗೆ ಫೋನ್ ಮಾಡಿ ಹೇಳಿದೆ.

ಸ್ಪರ್ಶಕ್ಕೆ ಇನ್ನೊಂದು ಅಭ್ಯಾಸ. ಒಂದು ಡಬ್ಬಿಯಲ್ಲಿ ಹುಕ್ಕು, ಹುಕ್ಕಿನ ಕೊಂಡಿ, ಪ್ರೆಸ್ ಬಟನ್, ಕುಚ್ಚಿನ ಮಣಿ ಹಾಕಿ, ಕಣ್ಣು ಮುಚ್ಚಿ ಒಂದೊಂದೇ ತೆಗೆದು ಯಾವುದು ಅಂತ ಹೇಳೋದು. ಶುರುವಿನಲ್ಲಿ ಎಲ್ಲವೂ ಒಂದೇ. ದಸರಾ ಹೊತ್ತಿಗೆ ಉಂಗುರದ ಬೆರಳು ಎಲ್ಲವನ್ನೂ ಗುರುತಿಸಿತು, ತೋರುಬೆರಳು ಮಣಿ ಮತ್ತು ಬಟನ್ ಬೇರೆ ಮಾಡಿತು. ಹುಕ್ಕಿಗೂ ಕೊಂಡಿಗೂ ವ್ಯತ್ಯಾಸ ಹೆಬ್ಬೆರಳಿಗೆ ತಿಳಿದದ್ದು ದೀಪಾವಳಿಯ ಸುಮಾರಿಗೆ. ಅಷ್ಟೊತ್ತಿಗೆ ಪಿಲ್ಲರ್ ನೋವೂ ತಗ್ಗಿತ್ತು. ಚಪಾತಿ ಹಿಟ್ಟು ನಾದುವುದೇ ಒಂದು ವ್ಯಾಯಾಮವಾಯಿತು. ತುಳಸಿ ಹಬ್ಬ ಕಳೆದು ಮದುವೆಗಳು ಶುರುವಾದಾಗ ಕತ್ತರಿ ಹಿಡಿದೆ. ಹಳೆಯದನ್ನಲ್ಲ, ಹಗುರವಾದ, ಸ್ಪ್ರಿಂಗ್ ಇರುವ ಕತ್ತರಿ.

ಈಗ ಹೇಗಿದೆ ಅಂದರೆ, ರಾತ್ರಿ ಪೂರ್ತಿ ನಿದ್ದೆ. ಜೋಮು ಇಲ್ಲ. ಹೆಬ್ಬೆರಳಿನ ತುದಿ ಸ್ವಲ್ಪ ಮಂದ ಇದೆ, ಬುಡದ ಉಬ್ಬು ಎಡಗೈಯಷ್ಟು ತುಂಬಿಲ್ಲ. ಒದ್ದೆ ಬೆಡ್‌ಶೀಟ್ ಹಿಂಡೋದು ಮನೆಯವರ ಕೆಲಸ. ರೊಟ್ಟಿ ತಟ್ಟುತ್ತೇನೆ. ಕುಚ್ಚು ಕಟ್ಟುತ್ತೇನೆ, ಆದರೆ ಒಂದೇ ಕೂತಕ್ಕೆ ಒಂದು ಸೀರೆ ಮುಗಿಸುವುದನ್ನು ಬಿಟ್ಟಿದ್ದೇನೆ. ನಡುವೆ ಎದ್ದು ಕೈ ಚಾಚಿ ಬರುತ್ತೇನೆ. ಹೆ‍ಮ್ಮಿಂಗ್ ಮಾಡುವ ಹುಡುಗಿ ನಮ್ಮಲ್ಲೇ ಉಳಿದಿದ್ದಾಳೆ, ಕುಚ್ಚು ಕಲಿಯುತ್ತಿದ್ದಾಳೆ.

ಎಡಗೈಗೆ ಇನ್ನೂ ಸ್ಪ್ಲಿಂಟ್ ನಡೆದಿದೆ. ಮೊನ್ನೆ ನರದ ಪರೀಕ್ಷೆ ಮಾಡಿಸಿದೆ, ಮಧ್ಯಮಕ್ಕೆ ಬಂದಿದೆ. ಹೆಬ್ಬೆರಳು ಇನ್ನೂ ಗಟ್ಟಿಯಾಗಿದೆ, ಇಂಜೆಕ್ಷನ್ ಹಾಕಿ ನೋಡಬಹುದು, ಅವಸರವಿಲ್ಲ ಅಂತ ಡಾಕ್ಟರು ಹೇಳಿದ್ದಾರೆ. ನಾನೇ ಬೇಡ ಅಂದೆ. ಮಾಂಸ ಕರಗುವವರೆಗೆ ಕಾಯುವ ಮನಸ್ಸಿಲ್ಲ, ಮುಂದಿನ ಆಷಾಢಕ್ಕೆ ಎಡಗೈಯೂ ಆಗಿಬಿಡಲಿ ಅಂತ ಕೇಳಿಕೊಂಡೆ, ಅವರೂ ಒಪ್ಪಿದರು. ವರಮಹಾಲಕ್ಷ್ಮಿ ಹಬ್ಬದ ಬ್ಲೌಸ್ ಬಟ್ಟೆಗಳನ್ನು ಈ ಸಲ ಜ್ಯೇಷ್ಠ ಮುಗಿಯುವ ಮೊದಲೇ ತಂದುಕೊಡಿ ಅಂತ ಗಿರಾಕಿಗಳಿಗೆ ಈಗಿನಿಂದಲೇ ಹೇಳುತ್ತಿದ್ದೇನೆ.